ಕಡಲ ಬೇಲಿಯಲ್ಲಿ ಉಳಿದವಳು

ಇಲ್ದಿಕೋ ಎಂಬ ಹೆಸರು ನಮ್ಮ ದ್ವೀಪದಲ್ಲಿ ಯಾರ ಬಾಯಿಗೂ ಸರಿಯಾಗಿ ಕೂರಲಿಲ್ಲ. ಹೆಂಗಸರು ಅವಳನ್ನು ಇಲ್ದಿ ಎಂದರು. ನನ್ನ ಅಣ್ಣ ಮೊಂಜಿ ಮಾತ್ರ 'ನಸ್ರಾನಿ' ಎನ್ನುತ್ತಿದ್ದ. ಕ್ರೈಸ್ತಳು ಎನ್ನುವುದಕ್ಕೆ ನಮ್ಮಲ್ಲಿರುವ ಸಾಧಾರಣ ಮಾತೇ ಅದು. ಅವನ ಬಾಯಲ್ಲಿ ಬಂದಾಗ ಬೈಗುಳದ ಹಾಗೆ ಕೇಳುತ್ತಿತ್ತು.

ಅವಳು ಹಂಗೇರಿಯವಳು. ಯೂರೋಪಿನ ಕೆಲವು ಚರ್ಚುಗಳು ಸೇರಿ ಕಳಿಸಿದ ಸಣ್ಣ ತಂಡದ ಜೊತೆ ಬಂದಿದ್ದಳು. ಕೈಕಾಲು ಸ್ವಾಧೀನವಿಲ್ಲದ ಮಕ್ಕಳಿಗೆ ವ್ಯಾಯಾಮ ಮಾಡಿಸುವ ಒಂದು ಕೋಣೆಯನ್ನು ಅವರು ಬಂದರಿನ ಹಿಂದಿನ ಬೀದಿಯಲ್ಲಿ ತೆರೆದಿದ್ದರು. ನನ್ನ ಮಗಳು ಯೊಸ್ರಾಳ ಕಾಲುಗಳು ಹುಟ್ಟಿದಾಗಿನಿಂದ ಮರದ ಹಾಗೆ ಸೆಟೆದುಕೊಂಡಿದ್ದವು. ಮೊದಲ ದಿನ ಅವಳನ್ನು ಎತ್ತಿಕೊಂಡು ಒಳಗೆ ಹೋದಾಗ ಇಲ್ದಿ ಎದ್ದು ನಿಂತು, "ಮಾನ್ಯ ತಾಯಿಯೇ, ಈ ಮಗುವನ್ನು ದಯವಿಟ್ಟು ಚಾಪೆಯ ಮೇಲೆ ಮಲಗಿಸಿರಿ" ಎಂದಳು. ಅವಳು ಕಲಿತದ್ದು ಪುಸ್ತಕದ ಅರಬ್ಬಿ. ರೇಡಿಯೋದಲ್ಲಿ ವಾರ್ತೆ ಓದುವವರ ಹಾಗೆ ಮಾತಾಡುತ್ತಿದ್ದಳು. ನನಗೆ ನಗು ತಡೆಯಲಾಗಲಿಲ್ಲ. ನಾನು ನಕ್ಕಿದ್ದು ಯಾಕೆಂದು ತಿಳಿಯದೆ ಅವಳೂ ನಕ್ಕಳು.

ಆಮೇಲೆ ಅವಳು ನಮ್ಮ ಮನೆಗೆ ಊಟಕ್ಕೆ ಬರತೊಡಗಿದಳು. ನನ್ನ ಗಂಡ ಕಡಲಾಚೆ ಸ್ಫಾಕ್ಸ್ ಪಟ್ಟಣದ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದವನು, ತಿಂಗಳಿಗೊಮ್ಮೆ ಬರುತ್ತಿದ್ದ. ಉಳಿದ ದಿನ ಮನೆಯಲ್ಲಿ ನಾನು ಮತ್ತು ಯೊಸ್ರಾ. ತಟ್ಟೆಯ ಮುಂದೆ ಕೂತು ಇಲ್ದಿ ಕಣ್ಣು ಮುಚ್ಚಿ ತನ್ನ ಪ್ರಾರ್ಥನೆ ಹೇಳಿಕೊಳ್ಳುವಳು, ನಾನು ಬಿಸ್ಮಿಲ್ಲಾ ಎನ್ನುವೆ. ಹಸಿದ ಯೊಸ್ರಾ, "ಇಬ್ಬರದೂ ಆಯ್ತಾ? ತಿನ್ಬಹುದಾ ಈಗ?" ಎಂದು ಕೇಳುವಳು. ದೇವರ ವಿಷಯ ನಮ್ಮ ನಡುವೆ ಬಂದದ್ದು ಅಷ್ಟೇ.

ಮೊಂಜಿಗೆ ಅದೂ ಹೆಚ್ಚಾಗಿತ್ತು. "ಇವತ್ತು ಮಗು ಕಾಲು ಹಿಡ್ಕೊಂಡಿದಾರೆ. ನಾಳೆ ತಲೆ ಹಿಡ್ಕೋತಾರೆ, ನೋಡ್ತಿರು."

"ಹಿಡ್ಕೊಳ್ಳಲಿ ಬಿಡಣ್ಣ. ನೀನಂತೂ ಕಾಲೂ ಹಿಡೀಲಿಲ್ಲ, ತಲೇನೂ ಹಿಡೀಲಿಲ್ಲ."

"ಸುಮ್ನೆ ಯಾರೂ ಯಾರ ಮನೆಗೂ ಬರಲ್ಲ, ಮಬ್ರೂಕ."

ಅವನು ಹಾಗಾಗಲು ಕಾರಣವಿತ್ತು. ಕೆಲವು ವರ್ಷಗಳ ಹಿಂದೆ ಕಡಲಿನಲ್ಲಿ ತೇಲುತ್ತಿದ್ದ ಪರದೇಶದ ಜನರನ್ನು ಅವನು ತನ್ನ ದೋಣಿಗೆ ಹತ್ತಿಸಿಕೊಂಡು ದಡಕ್ಕೆ ತಂದಿದ್ದ. ಇಟಲಿಗೆ ಜನ ಸಾಗಿಸುವ ದಂಧೆಯವನೆಂದು ಅವನನ್ನೇ ಹಿಡಿದರು. ತಪ್ಪಿಲ್ಲವೆಂದು ಬಿಡುವ ಹೊತ್ತಿಗೆ ಒಂದು ಚಳಿಗಾಲವಿಡೀ ಜೈಲಿನಲ್ಲಿ ಕಳೆದಿತ್ತು. ಅಲ್ಲಿಂದ ಬಂದ ಮೇಲೆ ಅವನು ದೂರದಲ್ಲಿ ಏನಾದರೂ ತೇಲುವುದು ಕಂಡರೆ ದೋಣಿಯ ಮುಖವನ್ನೇ ತಿರುಗಿಸಿಬಿಡುತ್ತಿದ್ದ. ನಾನಾಗಲಿ ಊರಿನವರಾಗಲಿ ಅವನನ್ನು ಏನೂ ಅನ್ನಲಿಲ್ಲ.

ನಮ್ಮಲ್ಲಿ ಕಡಲಿನೊಳಗೂ ಹೊಲಗಳಿವೆ. ಖರ್ಜೂರದ ಗರಿಗಳನ್ನು ಸಾಲಾಗಿ ನೆಲಕ್ಕೆ ಊರಿ ಬೇಲಿ ಕಟ್ಟುತ್ತೇವೆ. ಇಳಿಯುವ ನೀರಿನೊಂದಿಗೆ ಮೀನು ಆ ಬೇಲಿಗುಂಟ ಬಂದು ಕೊನೆಯ ಗೂಡಿಗೆ ಬೀಳುತ್ತದೆ. ಶರ್ಫಿಯ ಎನ್ನುತ್ತೇವೆ ಅದನ್ನು. ಅಪ್ಪನ ಶರ್ಫಿಯ ನನ್ನ ಪಾಲಿಗೆ ಬಂದಿತ್ತು. ದಡದಿಂದ ಬಹಳ ದೂರ, ನಡುವೆ ಒಂದು ಆಳದ ಕಾಲುವೆ. ಇಲ್ದಿ ಅದನ್ನು ನೋಡಬೇಕೆಂದು ವಸಂತದಿಂದ ಹಟ ಹಿಡಿದಿದ್ದಳು. ಅವರ ತಂಡದ ಹಿರಿಯ ರೆಟೋ ಎಂಬ ಸ್ವಿಸ್ ಮನುಷ್ಯ. ದೋಣಿ ಹತ್ತಬಾರದು, ಊರಿನವರ ಜಗಳದಲ್ಲಿ ನಿಲ್ಲಬಾರದು, ಸರ್ಕಾರದವರ ಕಣ್ಣಿಗೆ ಬೀಳಬಾರದು ಎಂದು ಅವನು ಎಲ್ಲರಿಗೂ ಕಟ್ಟಪ್ಪಣೆ ಮಾಡಿದ್ದ.

"ರೆಟೋನ ಕೇಳಿದ್ಯಾ?" ಎಂದೆ, ಅವಳು ಆ ಬೆಳಿಗ್ಗೆ ಪ್ಯಾಂಟು ಮಡಚಿಕೊಂಡು ನನ್ನ ದೋಣಿಯ ಹತ್ತಿರ ಬಂದಾಗ.

"ಕೇಳಿದರೆ ಅವರು ಬೇಡವೆನ್ನುತ್ತಾರೆ. ಆದ್ದರಿಂದ ಕೇಳಲಿಲ್ಲ."

ಕಡಲು ಎಣ್ಣೆಯ ಹಾಗೆ ಮಲಗಿತ್ತು. ನೀರು ಇಳಿಯುತ್ತಿತ್ತು. ಯೊಸ್ರಾಳನ್ನು ನೆರೆಮನೆಯಲ್ಲಿ ಬಿಟ್ಟು ಬಂದಿದ್ದೆ. ಮಧ್ಯಾಹ್ನ ಗಾಳಿ ಏಳಬಹುದೆಂದು ಗೊತ್ತಿದ್ದರೂ ಅಷ್ಟರೊಳಗೆ ಬಂದುಬಿಡುತ್ತೇವೆಂದು ಹೊರಟೆವು.

ಶರ್ಫಿಯ ಇನ್ನೂ ದೂರವಿರುವಾಗ ಗೂಡಿನ ಮೇಲೆ ನೀರುಕಾಗೆಗಳು ಕೂತಿವೆಯೆಂದುಕೊಂಡೆ. ಹತ್ತಿರವಾದಂತೆ ಅವು ತಲೆಗಳಾದವು. ಇಲ್ದಿ ನನ್ನ ತೋಳು ಹಿಡಿದಳು.

ಇಬ್ಬರು ಹೆಂಗಸರು, ಒಬ್ಬಳ ಬೆನ್ನಿಗೆ ಬಟ್ಟೆಯಲ್ಲಿ ಕಟ್ಟಿದ ಕೂಸು. ಇಬ್ಬರು ಗಂಡಸರು. ಎದೆಮಟ್ಟದ ನೀರಿನಲ್ಲಿ ಗೂಡಿನ ಕಂಬಗಳನ್ನು ತಬ್ಬಿಕೊಂಡು ನಿಂತಿದ್ದರು. ರಾತ್ರಿ ಅವರ ತಗಡಿನ ದೋಣಿ ಮುಳುಗಿತ್ತು. ಅದರೊಂದಿಗೆ ಮುಳುಗಿಹೋದವರು ಎಷ್ಟು ಮಂದಿ ಎಂದು ಕೇಳುವ ಧೈರ್ಯ ನನಗಾಗಲಿಲ್ಲ. ಗಂಡಸರಲ್ಲಿ ಒಬ್ಬನಿಗೆ ಪ್ರಜ್ಞೆ ಇರಲಿಲ್ಲ. ಇನ್ನೊಬ್ಬ ಅವನ ಅಂಗಿಯ ಕಾಲರನ್ನು ಹಲ್ಲಿನಲ್ಲಿ ಕಚ್ಚಿ ಹಿಡಿದು, ಅವನ ಮುಖ ನೀರಿನ ಮೇಲಿರುವಂತೆ ಮಾಡಿದ್ದ. ಹಾಗೆ ಕಚ್ಚಿ ಹಿಡಿದಿದ್ದವನ ಹೆಸರು ಫಾಸಿನೆ, ಗಿನಿಯಿಂದ ಬಂದವನು. ಅದು ತಿಳಿದದ್ದು ಆಮೇಲೆ.

ನನ್ನದು ಗಳ ಊರಿ ನಡೆಸುವ ಸಣ್ಣ ದೋಣಿ. ಇಬ್ಬರಿಗೆ ಮತ್ತು ಮೀನಿನ ಬುಟ್ಟಿಗೆ ಅಂತ ಅಪ್ಪ ಮಾಡಿಸಿದ್ದು. ಕೂಸಿನ ತಾಯಿಯನ್ನು ಎಳೆದುಕೊಂಡೆವು. ಎರಡನೆಯ ಹೆಂಗಸನ್ನು ಎಳೆದುಕೊಂಡೆವು. ಪ್ರಜ್ಞೆ ತಪ್ಪಿದವನನ್ನು ಫಾಸಿನೆ ಕೆಳಗಿನಿಂದ ನೂಕಿದ, ಇಲ್ದಿ ಮೇಲಿನಿಂದ ಜಗ್ಗಿದಳು. ಅವನು ಒಳಗೆ ಬಿದ್ದ ಕೂಡಲೇ ದೋಣಿಯ ಅಂಚಿನಿಂದ ನೀರು ಒಳಗೆ ಹರಿಯಿತು. ಎಲ್ಲರೂ ಉಸಿರು ಬಿಗಿಹಿಡಿದು ಕೂತರು.

"ಇನ್ನು ಒಬ್ಬರೂ ಆಗಲ್ಲ. ಈಗಿರೋರೇ ಹೆಚ್ಚು. ಕಾಲುವೇಲಿ ಮುಳುಗ್ತೀವಿ" ಎಂದೆ.

ಇಲ್ದಿ ಫ್ರೆಂಚಿನಲ್ಲಿ ಫಾಸಿನೆಗೆ ಅದನ್ನು ಹೇಳಿದಳು, ನಾವು ತಿರುಗಿ ಬರುತ್ತೇವೆಂದು ಹೇಳಿದಳು. ಅವನು ದೋಣಿಯ ಅಂಚು ಬಿಡಲಿಲ್ಲ. ಮುಖದಲ್ಲಿ ಸಿಟ್ಟಿರಲಿಲ್ಲ, ಬೇಡಿಕೊಳ್ಳುವ ಭಾವವೂ ಇರಲಿಲ್ಲ. ಬೆರಳು ಮಾತ್ರ ಬಿಡುತ್ತಿರಲಿಲ್ಲ. ಏನೋ ಒಂದೇ ಮಾತನ್ನು ಮತ್ತೆ ಮತ್ತೆ ಹೇಳಿದ.

"ಏನಂತೆ?"

"ನಸುಕಿನಲ್ಲಿ ಒಂದು ದೋಣಿ ಬಂದಿತ್ತಂತೆ. ತಿರುಗಿ ಬರುತ್ತೇವೆಂದು ಹೇಳಿ ಹೋದರಂತೆ."

ನಾನು ಯಾರ ದೋಣಿ ಎಂದು ಯೋಚಿಸಲಿಲ್ಲ. ಯೋಚಿಸಬಾರದೆಂದುಕೊಂಡೆ. ಇಲ್ದಿ ಒಂದು ಗಳಿಗೆ ಅವನನ್ನೇ ನೋಡಿದಳು. ಆಮೇಲೆ ದೋಣಿಯ ತುದಿಯಲ್ಲಿದ್ದ ಹಗ್ಗದ ಸುರುಳಿಯನ್ನು ಹೆಗಲಿಗೆ ಹಾಕಿಕೊಂಡು, ಕಾಲು ಹೊರಗೆ ಚಾಚಿ ನೀರಿಗೆ ಇಳಿದಳು. ದೋಣಿ ಒಂದು ಬೆರಳಷ್ಟು ಮೇಲೆದ್ದಿತು.

"ಇಲ್ದಿ, ಹತ್ತು ಮೇಲೆ. ಹುಚ್ಚು ಹಿಡೀತಾ ನಿನಗೆ?"

"ನಾನು ಇಲ್ಲಿದ್ದರೆ ನೀನು ಬರುತ್ತೀಯೆಂದು ಅವನು ನಂಬುತ್ತಾನೆ."

"ನೀರು ಏರುತ್ತೆ ಕಣೇ. ಮಧ್ಯಾಹ್ನದ ಹೊತ್ತಿಗೆ ಗೂಡೇ ಕಾಣಲ್ಲ."

"ಹಾಗಾದರೆ ಬೇಗ ಹೋಗು, ಮಬ್ರೂಕ."

ಅವಳು ಅವನ ಪಕ್ಕದ ಕಂಬ ಹಿಡಿದು ನಿಂತಳು. ಆಗ ಅವನ ಬೆರಳು ಸಡಿಲವಾಯಿತು.

ಬರುವಾಗ ಕಡಲು ಎಣ್ಣೆಯ ಹಾಗಿರಲಿಲ್ಲ. ದಡದ ಕಡೆಯಿಂದ ಗಾಳಿ ಬೀಸತೊಡಗಿತ್ತು. ಗಳ ಊರಿದಷ್ಟೂ ದೋಣಿ ಹಿಂದಕ್ಕೇ ಜಾರುತ್ತಿತ್ತು. ಕಾಲುವೆಯಲ್ಲಿ ಗಳಕ್ಕೆ ನೆಲ ಸಿಗದೆ ಹುಟ್ಟು ಹಾಕಿದೆ. ಹೆಂಗಸರು ಬೊಗಸೆಯಲ್ಲಿ ನೀರು ಮೊಗೆದು ಚೆಲ್ಲಿದರು. ಕೂಸು ಅಳಲೇ ಇಲ್ಲ. ಅದಕ್ಕೇ ನನಗೆ ಹೆಚ್ಚು ಹೆದರಿಕೆಯಾಗಿತ್ತು. ಫೋನಿನಲ್ಲಿ ಸಿಗ್ನಲ್ ಬಂದ ಮೇಲೆ ಮೊಂಜಿಗೆ ಮಾಡಿದೆ. ಎತ್ತಲಿಲ್ಲ. ರೆಟೋಗೆ ಮಾಡಿ, "ಜೆಟ್ಟಿಗೆ ಬನ್ನಿ" ಎಂದಷ್ಟೇ ಹೇಳಿದೆ.

ಜೆಟ್ಟಿಯಲ್ಲಿ ಕಾವಲು ಠಾಣೆಯವರು ಆಗಲೇ ನಿಂತಿದ್ದರು. ಬೆಳಿಗ್ಗೆ ಯಾವುದೋ ಹೆಣ ದಡಕ್ಕೆ ಬಂದಿತ್ತಂತೆ. ಹೆಂಗಸರನ್ನೂ ಕೂಸನ್ನೂ ಪ್ರಜ್ಞೆ ಇಲ್ಲದವನನ್ನೂ ಆಂಬುಲೆನ್ಸಿಗೆ ಹಾಕಿದರು. ಕೂಸಿನ ತಾಯಿ ಹೋಗುವಾಗ ನನ್ನ ಕೈಯನ್ನು ಒಮ್ಮೆ ಗಟ್ಟಿಯಾಗಿ ಹಿಡಿದಳು. ನಾನು ದೋಣಿ ತಿರುಗಿಸಲು ಹೋದೆ. ಒಬ್ಬ ಅದಾಗಲೇ ನನ್ನ ದೋಣಿಯ ಹಗ್ಗವನ್ನು ಠಾಣೆಯ ಗೂಟಕ್ಕೆ ಕಟ್ಟುತ್ತಿದ್ದ.

"ಇನ್ನೂ ಇಬ್ಬರಿದಾರೆ. ನನ್ನ ಶರ್ಫಿಯದಲ್ಲಿ" ಎಂದೆ.

ಠಾಣೆಯ ಮುಖ್ಯಸ್ಥ ನಫ್ತಿ ಕೆಟ್ಟ ಮನುಷ್ಯನಲ್ಲ. ಚಳಿಗಾಲದಲ್ಲಿ ನನ್ನಿಂದಲೇ ಆಕ್ಟೋಪಸ್ ತರಿಸಿಕೊಳ್ಳುತ್ತಿದ್ದವನು. "ಒಳಗೆ ಬಾ. ಹೇಳಿಕೆ ಕೊಡು. ಗಸ್ತಿನ ದೋಣಿಗೆ ತಿಳಿಸ್ತೀನಿ" ಎಂದ.

"ಅದು ಎಲ್ಲಿದೆ, ನಫ್ತಿ ಸಾಹೇಬ್ರೇ?"

"ದ್ವೀಪದ ಆ ಕಡೆ. ಅಲ್ಲೂ ಜನ ಮುಳುಗಿದಾರೆ. ಮುಗಿಸಿ ಬರುತ್ತೆ."

"ಅಷ್ಟರೊಳಗೆ ನೀರು ಏರುತ್ತೆ. ನನ್ನ ದೋಣಿ ಬಿಡಿ, ನಾನೇ ಹೋಗ್ತೀನಿ."

"ನಿನ್ನ ದೋಣಿಲಿ ಈ ಗಾಳಿಗೆ ಹೋಗ್ತೀಯಾ? ಹೋಗಿ ನೀನೂ ಮುಳುಗಿದ್ರೆ ಮೇಲಿನವರಿಗೆ ನಾನೇನು ಹೇಳ್ಲಿ? ಕೂತ್ಕೋ." ಆಮೇಲೆ, "ಇಬ್ಬರು ಯಾರ್ಯಾರು?" ಎಂದ.

"ಒಬ್ಬ ಗಿನಿಯವನು. ಇನ್ನೊಬ್ಬಳು ಇಲ್ದಿ."

ಅವನ ಕೈ ಫೋನಿನ ಮೇಲೆ ನಿಂತಿತು. "ಚರ್ಚಿನವಳು? ಅವಳಿಗೇನು ಕೆಲಸ ಅಲ್ಲಿ?"

"ಮೀನು ನೋಡೋಕೆ ಬಂದಿದ್ಲು."

"ಮೀನು ನೋಡೋಕೆ." ಅವನು ಹಣೆ ಉಜ್ಜಿಕೊಂಡ. "ಮಬ್ರೂಕ, ಇದನ್ನ ಯಾರು ನಂಬ್ತಾರೆ ಹೇಳು. ಪರದೇಶದ ಹೆಂಗಸು, ಪರದೇಶದ ಚರ್ಚು, ಮುಳುಗಿದ ದೋಣಿಯ ಜನ, ಎಲ್ಲ ಒಂದೇ ಬೇಲೀಲಿ."

ಅಲ್ಲಿಂದ ಫೋನುಗಳು ಶುರುವಾದವು. ಅವನು ಸ್ಫಾಕ್ಸಿಗೆ ಮಾಡಿದ. ಸ್ಫಾಕ್ಸಿನವರು ಇನ್ನೆಲ್ಲಿಗೋ ಮಾಡಿ ತಿರುಗಿ ಮಾಡಿದರು. ಅವಳ ಪಾಸ್‌ಪೋರ್ಟು ಯಾವ ದೇಶದ್ದು, ತಂಡಕ್ಕೆ ಅನುಮತಿ ಕೊಟ್ಟವರು ಯಾರು, ನಾನು ಯಾರ ಮಗಳು, ನನ್ನ ಅಣ್ಣ ಹಿಂದೆ ಜೈಲಿಗೆ ಹೋಗಿದ್ದವನಲ್ಲವೇ. ಕೇಳಿದ್ದಕ್ಕೆಲ್ಲ ಹೇಳಿದೆ. ಹೇಳುತ್ತಿದ್ದರೂ ಕಣ್ಣು ಕಿಟಕಿಯ ಮೇಲೇ ಇತ್ತು. ಜೆಟ್ಟಿಯ ಕಲ್ಲುಗಳಿಗೆ ನೀರು ಮುಟ್ಟಿತು. ಸ್ವಲ್ಪ ಹೊತ್ತಿಗೆ ಕಲ್ಲಿನ ಹಸಿರು ಪಾಚಿ ಮುಚ್ಚಿತು. ಗಾಳಿಗೆ ಕಿಟಕಿಯ ಬಾಗಿಲು ಬಡಿಯುತ್ತಿತ್ತು. ಈಗ ಅವಳ ಹೆಗಲವರೆಗೆ ಬಂದಿರಬಹುದು ಎಂದುಕೊಂಡೆ.

ರೆಟೋ ಬಂದ. ನಡೆದದ್ದು ತಿಳಿದು ಅವನ ಮುಖ ಸುಣ್ಣದ ಹಾಗಾಯಿತು. ನನ್ನ ಕಡೆ ತಿರುಗಿ, "ನೀವು ಅವಳನ್ನು ಅಲ್ಲಿ ಬಿಟ್ಟು ಬಂದಿರಾ?" ಎಂದ. ಆಮೇಲೆ ತಾನು ಹಾಗೆ ಕೇಳಿದ್ದಕ್ಕೆ ತಾನೇ ತಲೆ ತಗ್ಗಿಸಿ, ನಫ್ತಿಯ ಮೇಜಿಗೆ ಕೈಯೂರಿ ಬೇಡಿಕೊಂಡ. ನಫ್ತಿ ಮತ್ತೆ ಗಸ್ತಿನ ದೋಣಿಗೆ ಮಾಡಿದ. ಅವರು ಇನ್ನೂ ನೀರಿನಿಂದ ಜನರನ್ನು ಎತ್ತುತ್ತಿದ್ದರು.

ನಾನು ಎದ್ದು ನಿಂತೆ.

"ಹೇಳಿಕೆ ಮುಗೀಲಿಲ್ಲ" ಎಂದ ನಫ್ತಿ.

"ಬಂದು ಮುಗಿಸ್ತೀನಿ. ನೀವು ಹಿಡೀಬೇಕು ಅಂದ್ರೆ ಹಿಡೀರಿ, ನಾನು ಹೋಗ್ತಾ ಇದೀನಿ."

ಬಾಗಿಲಲ್ಲಿದ್ದ ಪೇದೆ ಅವನ ಮುಖ ನೋಡಿದ. ನಫ್ತಿ ಪೇದೆಯ ಕಡೆ ನೋಡಲಿಲ್ಲ, ನನ್ನ ಕಡೆಯೂ ನೋಡಲಿಲ್ಲ, ಕಿಟಕಿಯ ಬಾಗಿಲಿನ ಚಿಲಕ ಹಾಕುವುದಕ್ಕೆ ಎದ್ದ. ನಾನು ಹೊರಗೆ ಬಂದೆ. ಹಿಂದೆ ರೆಟೋ ಓಡಿ ಬಂದ.

ಮೊಂಜಿ ಬಂದರಿನ ಆ ತುದಿಯಲ್ಲಿ ಬಲೆ ಹೊಲಿಯುತ್ತಾ ಕೂತಿದ್ದ. ಅವನಿಗೆ ಎಲ್ಲ ಗೊತ್ತಾಗಿತ್ತು. ನಮ್ಮಲ್ಲಿ ಸುದ್ದಿ ಮನುಷ್ಯರಿಗಿಂತ ಮುಂಚೆ ದಡ ಸೇರುತ್ತದೆ.

"ಅಣ್ಣ, ದೋಣಿ ತೆಗಿ."

"ನನ್ನ ಹೆಸರು ಕೇಳಿದ್ರಾ ಒಳಗೆ?"

"ಕೇಳಿದ್ರು."

"ಮತ್ತೆ?" ಅವನು ಸೂಜಿ ಎತ್ತಿ ನೂಲು ಎಳೆದ. "ಅವಳಿಗೆ ಅಷ್ಟು ದೊಡ್ಡ ಚರ್ಚಿದೆ. ಅವರೇ ಕಳಿಸ್ಲಿ ಹಡಗು. ನಾನು ಇನ್ನೊಂದ್ಸಲ ಆ ಕೋಣೇಲಿ ಮಲಗಲ್ಲ, ಮಬ್ರೂಕ. ನಿನಗೆ ಗೊತ್ತಿಲ್ಲ ಅದು."

"ಗೊತ್ತಿಲ್ಲ, ನಿಜ."

"ನಸ್ರಾನಿಗೋಸ್ಕರ ಯಾವಳಾದ್ರೂ ಅಣ್ಣನ್ನ ಜೈಲಿಗೆ ಕಳಿಸ್ತಾಳಾ?"

ಅವನ ಜೊತೆ ವಾದಕ್ಕೆ ಹೊತ್ತಿರಲಿಲ್ಲ. ಲಂಗ ಎತ್ತಿ ಕಟ್ಟಿಕೊಂಡು ನೀರಿಗಿಳಿದೆ. ಅವನ ದೋಣಿಯ ಲಂಗರು ಬಿಚ್ಚಿ ಹತ್ತಿದೆ. ಎಂಜಿನ್ನಿನ ಹಗ್ಗ ಎಳೆದೆ. ಅದು ಕೆಮ್ಮಿ ನಿಂತಿತು. ಮತ್ತೆ ಎಳೆದೆ. ಗಾಳಿಗೆ ದೋಣಿ ಅಡ್ಡಡ್ಡ ಸರಿಯತೊಡಗಿತು. ಅಳುತ್ತಲೇ ಇನ್ನೊಮ್ಮೆ ಎಳೆದೆ. ಹಿಂದಿನಿಂದ ಮೊಂಜಿ ನಮ್ಮ ಅಪ್ಪನನ್ನೂ ನನ್ನನ್ನೂ ನಾನು ಹುಟ್ಟಿದ ದಿನವನ್ನೂ ಬೈಯುತ್ತಾ ನೀರಿನಲ್ಲಿ ಬರುವುದು ಕೇಳಿಸಿತು.

"ಸರಿ ಆಚೆ. ಹಾಗೆ ಎಳೆದ್ರೆ ಅದರಮ್ಮ ಬಂದ್ರೂ ಸ್ಟಾರ್ಟ್ ಆಗಲ್ಲ."

ರೆಟೋ ಸೊಂಟದವರೆಗೆ ನೀರಿನಲ್ಲಿ ಬಂದು ದೋಣಿಯ ಅಂಚು ಹಿಡಿದಿದ್ದ. ಮೊಂಜಿ ಅವನನ್ನು ನೋಡಿ, "ಈಜೋಕೆ ಬರುತ್ತಾ?" ಎಂದು ಕೇಳಿದ.

"ಬರುವುದಿಲ್ಲ."

"ಹಾಗಾದ್ರೆ ದಡದಲ್ಲೇ ನಿಂತು ನಿನ್ನ ದೇವರನ್ನ ಕರಿ. ನಮ್ಮವನನ್ನ ನಾನು ಕರೀತೀನಿ."

ಎಂಜಿನ್ ಶುರುವಾಯಿತು.

ಕಾಲುವೆ ದಾಟಿದ ಮೇಲೆ ಅಲೆಗಳು ಎರಡೂ ಕಡೆಯಿಂದ ಬಂದು ಒಂದಕ್ಕೊಂದು ಹೊಡೆಯುತ್ತಿದ್ದವು. ಶರ್ಫಿಯಗಳ ಸಾಲುಸಾಲು ಗರಿಗಳೆಲ್ಲ ಮುಳುಗಿದ್ದವು. ಯಾವ ಬೇಲಿ ಯಾರದೆಂದು ನನಗೇ ಗುರುತು ಹತ್ತಲಿಲ್ಲ. ಮೊಂಜಿ ವೇಗ ಇಳಿಸಿದ, ಗರಿಗೆ ಸಿಕ್ಕಿದರೆ ಎಂಜಿನ್ನಿನ ರೆಕ್ಕೆ ಮುರಿಯುತ್ತದೆ. ನಮ್ಮ ಗೂಡು ಇರಬೇಕಾದ ಜಾಗದಲ್ಲಿ ನೊರೆ ಮಾತ್ರ ಇತ್ತು. ಒಂದು ಸುತ್ತು ಹಾಕಿದೆವು. ಕರೆದೆ. ಗಾಳಿ ನನ್ನ ಕೂಗನ್ನು ನನ್ನ ಬಾಯಿಗೇ ತಿರುಗಿಸಿ ತುಂಬಿತು.

"ಮಬ್ರೂಕ" ಎಂದ ಮೊಂಜಿ. ಬೇರೆ ದನಿಯಲ್ಲಿ, ಅಮ್ಮ ಸತ್ತ ದಿನದ ದನಿಯಲ್ಲಿ.

"ಇನ್ನೊಂದು ಸುತ್ತು."

"ಕೇಳು ನನ್ನ ಮಾತು..."

"ಇನ್ನೊಂದು ಸುತ್ತು ಹಾಕಣ್ಣ."

ಅವನು ಹಾಕಿದ. ಈ ಸಲ ಗಾಳಿ ಹೊಡೆಯುವ ದಿಕ್ಕಿಗೆ ಹೆಚ್ಚು ದೂರ ಹೋದ. ಪಕ್ಕದ ಬೇಲಿಯ ಕೊನೆಯಲ್ಲಿ ಒಂದು ದಪ್ಪ ಖರ್ಜೂರದ ಕಾಂಡ ನೀರಿನಿಂದ ಮೇಲೆ ಚಾಚಿತ್ತು. ಅದಕ್ಕೆ ಬಟ್ಟೆಯ ಗಂಟೊಂದು ಸಿಕ್ಕಿಕೊಂಡ ಹಾಗೆ ಕಂಡಿತು. ಅಲೆ ಇಳಿದಾಗ ಅದು ಎರಡು ತಲೆಗಳಾಯಿತು.

ನಮ್ಮ ಗೂಡು ಕಿತ್ತುಹೋದಾಗ ಇಬ್ಬರೂ ಅಲ್ಲಿಗೆ ಕೊಚ್ಚಿ ಬಂದಿದ್ದರು. ಇಲ್ದಿ ಹಗ್ಗದಿಂದ ಇಬ್ಬರನ್ನೂ ಸೇರಿಸಿ ಕಾಂಡಕ್ಕೆ ಬಿಗಿದಿದ್ದಳು. ಫಾಸಿನೆಯ ತಲೆ ಅವಳ ಹೆಗಲ ಮೇಲೆ ಬಿದ್ದಿತ್ತು. ಪ್ರತಿ ಅಲೆಗೂ ಅವಳು ಅಂಗೈಯಿಂದ ಅವನ ಗದ್ದವನ್ನು ಮೇಲಕ್ಕೆತ್ತುತ್ತಿದ್ದಳು. ನಾವು ಹತ್ತಿರ ಬಂದದ್ದು ಅವಳಿಗೆ ತಿಳಿಯಲಿಲ್ಲ. ತನ್ನ ಭಾಷೆಯಲ್ಲಿ ಏನೋ ಹೇಳುತ್ತಲೇ ಇದ್ದಳು.

ದೋಣಿಯನ್ನು ಕಾಂಡದ ಹತ್ತಿರ ನಿಲ್ಲಿಸುವುದು ಆಗದ ಕೆಲಸವಾಗಿತ್ತು. ಅಲೆ ಒಮ್ಮೆ ನಮ್ಮನ್ನು ದೂರ ಎಸೆಯುವುದು, ಒಮ್ಮೆ ಅವರ ಮೇಲೇ ತಂದು ಬಡಿಯುವುದು. ಮೊಂಜಿ ಎಂಜಿನ್ ನನಗೆ ಕೊಟ್ಟು ಚಾಕು ಹಿಡಿದು ಬಾಗಿದ. ಹಗ್ಗ ಕತ್ತರಿಸುವಾಗ ದೋಣಿ ಕಾಂಡಕ್ಕೆ ಬಡಿಯಿತು. ಅವನ ಎಡಗೈ ನಡುವೆ ಸಿಕ್ಕಿತು. ಅವನು ಬಲಗೈಯಿಂದ ಫಾಸಿನೆಯನ್ನು ಒಳಗೆ ಎಳೆದ, ಆಮೇಲೆ ಇಲ್ದಿಯನ್ನು ಕೂದಲು ಹಿಡಿದು ಎಳೆದ. ಅದಾದ ಮೇಲಷ್ಟೇ ಕೂತು ತನ್ನ ಕೈ ನೋಡಿಕೊಂಡ. ಎರಡು ಬೆರಳು ಜಜ್ಜಿಹೋಗಿದ್ದವು.

"ದಡಕ್ಕೆ ಬಿಡು" ಎಂದ. "ನೇರ ಬಿಡು. ಹೆದರ್ಬೇಡ."

ಜೆಟ್ಟಿಯಲ್ಲಿ ಅರ್ಧ ಊರೇ ನೆರೆದಿತ್ತು. ರೆಟೋ ಅದೇ ನೀರಿನಲ್ಲಿ ಹಾಗೇ ನಿಂತಿದ್ದ. ನಫ್ತಿ ತನ್ನ ಕೋಟು ತೆಗೆದು ಇಲ್ದಿಗೆ ಹೊದಿಸಿದ. ಆಮೇಲೆ ಮೊಂಜಿಯ ಕಡೆ ತಿರುಗಿ, "ದೋಣಿ ನಮ್ಮ ಹತ್ತಿರ ಇರಬೇಕಾಗುತ್ತೆ, ಮೊಂಜಿ" ಎಂದ. ಮೊಂಜಿ ಒಳ್ಳೆಯ ಕೈಯಿಂದ ದೋಣಿಯ ಹಗ್ಗವನ್ನು ಎತ್ತಿ ಅವನಿಗೆ ಕೊಟ್ಟ.

ಈ ಸಲ ಅವನನ್ನು ಜೈಲಿಗೆ ಹಾಕಲಿಲ್ಲ. ಕೂಸಿನ ತಾಯಿಯೂ ಫಾಸಿನೆಯೂ ನ್ಯಾಯಾಧೀಶರ ಮುಂದೆ ನಡೆದದ್ದನ್ನು ನಡೆದ ಹಾಗೇ ಹೇಳಿದರು. ನಫ್ತಿಯೂ ನಮ್ಮ ಪರವಾಗಿಯೇ ಹೇಳಿದನಂತೆ. ಆದರೂ ದೋಣಿ ಬಿಡುವ ಹೊತ್ತಿಗೆ ಆಕ್ಟೋಪಸ್ಸಿನ ಕಾಲ ಮುಗಿದಿತ್ತು. ಮೊಂಜಿಯ ಒಂದು ಬೆರಳನ್ನು ತೆಗೆಯಬೇಕಾಯಿತು. ಕೂಸು ಬದುಕಿತು. ಪ್ರಜ್ಞೆ ತಪ್ಪಿದ್ದವನು ಆಸ್ಪತ್ರೆಯಲ್ಲಿ ತೀರಿಕೊಂಡ. ಅವನು ಫಾಸಿನೆಯ ತಮ್ಮ ಎಂಬುದು ಆಗ ನಮಗೆ ತಿಳಿಯಿತು. ಫಾಸಿನೆಯನ್ನು ಆಮೇಲೆ ಎಲ್ಲಿಗೆ ಕಳಿಸಿದರೋ ತಿಳಿಯಲಿಲ್ಲ. ಇಲ್ದಿ ಬಹಳ ಕಡೆ ಕೇಳಿದಳು.

ಅವಳು ಸ್ಫಾಕ್ಸಿನ ಆಸ್ಪತ್ರೆಯಲ್ಲಿದ್ದಾಗ ಹೋಗಿ ನೋಡಿದೆ. ಕೈಗಳಲ್ಲಿ ಹಗ್ಗ ಕೊಯ್ದ ಗಾಯ, ತುಟಿಗಳು ಒಡೆದು ಕಪ್ಪಾಗಿದ್ದವು. ತಂಡವನ್ನು ಅವರ ಚರ್ಚಿನವರು ಹಿಂದಕ್ಕೆ ಕರೆದಿದ್ದರು. ತನ್ನಿಂದ ಮಕ್ಕಳ ಕೋಣೆ ಮುಚ್ಚಿತೆಂದು ಅವಳಿಗೆ ಸಂಕಟ. ಅದೆಲ್ಲ ಹೇಳಿ ಮುಗಿದ ಮೇಲೆ ದಿಂಬಿಗೊರಗಿ ಎದ್ದು ಕೂತಳು.

"ಒಂದು ವಿಷಯ ಹೇಳಬೇಕು. ನೀನು ಬರುವೆಯೆಂದು ನಾನು ಅವನಿಗೆ ಹೇಳುತ್ತಲೇ ಇದ್ದೆ. ಆದರೆ ಗೂಡು ಕಿತ್ತುಹೋದ ಮೇಲೆ, ನೀನು ಬರುವುದಿಲ್ಲ ಎಂದುಕೊಂಡೆ. ದೇವರನ್ನೂ ನಂಬಲಿಲ್ಲ. ಬಾಯಿ ಮಾತ್ರ ಹೇಳುತ್ತಿತ್ತು."

"ನನಗೂ ಹಾಗೇ ಅನ್ನಿಸಿತ್ತು ಕಣೇ" ಎಂದೆ. "ಠಾಣೇಲಿ ಕೂತಿದ್ದಾಗ. ಇನ್ನು ಹೋಗಿ ಪ್ರಯೋಜನ ಇಲ್ಲ ಅನ್ನಿಸಿತ್ತು."

ಅವಳು ನನ್ನ ಕೈ ಹಿಡಿದುಕೊಂಡಳು. ಇಬ್ಬರೂ ಅತ್ತೆವು. ನರ್ಸು ಬಂದು, ರೋಗಿಗೆ ಆಯಾಸ ಮಾಡಬೇಡಿ ಎಂದು ನನ್ನನ್ನು ಹೊರಗೆ ಕಳಿಸಿದಳು.

ಅವರು ಹೊರಟ ದಿನ ದ್ವೀಪದ ಹೆಂಗಸರು ಮಕ್ಕಳನ್ನು ಎತ್ತಿಕೊಂಡು ಫೆರಿಯ ಹತ್ತಿರ ಬಂದಿದ್ದರು. ಇಲ್ದಿ ಒಬ್ಬೊಬ್ಬ ತಾಯಿಗೂ ಕಾಲು ಹೇಗೆ ಬಗ್ಗಿಸಬೇಕು, ಎಷ್ಟು ಹೊತ್ತು ಹಿಡಿಯಬೇಕು ಎಂದು ಕೊನೆಯ ಗಳಿಗೆಯವರೆಗೂ ತೋರಿಸುತ್ತಿದ್ದಳು. ಮೊಂಜಿ ಎಲ್ಲರಿಂದ ದೂರ, ಹಗ್ಗದ ಗೂಟದ ಮೇಲೆ ಕೂತಿದ್ದ. ಫೆರಿ ಕೂಗು ಹಾಕಿದ ಮೇಲೆ ಎದ್ದು ಬಂದು, ಪಟ್ಟಿ ಕಟ್ಟಿದ ಕೈಯನ್ನು ಬೆನ್ನ ಹಿಂದೆ ಇಟ್ಟುಕೊಂಡು, ಇನ್ನೊಂದು ಕೈಯಲ್ಲಿದ್ದ ಒಣಗಿಸಿದ ಆಕ್ಟೋಪಸ್ಸಿನ ಕಟ್ಟನ್ನು ಅವಳ ಮುಂದೆ ಚಾಚಿದ. ಅವನು ಅವಳೊಡನೆ ಮಾತಾಡಿದ್ದು ಅದೇ ಮೊದಲು.

"ನಿಮ್ಮ ದೇಶದಲ್ಲಿ ಕಡಲೇ ಇಲ್ವಂತೆ, ಹೌದಾ?"

"ಹೌದು. ಇಲ್ಲ."

"ಅದಕ್ಕೇ ಇಳಿದೆ ನೀನು. ಗೊತ್ತಿದ್ದೋರು ಇಳಿಯಲ್ಲ." ಅವನು ಕಟ್ಟನ್ನು ಅವಳ ಕೈಯಲ್ಲಿಟ್ಟ. "ಬೇಯಿಸೋಕೆ ಮುಂಚೆ ಚೆನ್ನಾಗಿ ನೆನೆಸು. ಇಲ್ಲಾಂದ್ರೆ ಚಪ್ಪಲಿ ಥರ ಆಗುತ್ತೆ."

"ನೆನೆಸುತ್ತೇನೆ" ಎಂದಳು ಅವಳು. ಅಷ್ಟರಲ್ಲಿ ರೆಟೋ ಮೇಲಿನಿಂದ ಕರೆದ. ಅವಳು ಕಟ್ಟನ್ನು ಎದೆಗೊತ್ತಿಕೊಂಡು ಮೆಟ್ಟಿಲು ಹತ್ತಿದಳು.